ಕೋಣಕ್ಕೆ ಬಟನ್ ಕೂಡಿಸಿದ ದಸರೆ

ಬಟನ್ ಒತ್ತಿದರೆ ಸುರುವಾಗುವ ಮೋಟಾರ್‌ಸೈಕಲ್ಲು ಹುಬ್ಬಳ್ಳಿಯಲ್ಲಿ ಇನ್ನೂ ಸುದ್ದಿಯಾಗುತ್ತಿದ್ದ ಕಾಲ ಅದು. ಅಂಥದೊಂದು ಗಾಡಿ ಓಣಿಗೆ ಬಂದರೆ ನಾವು ಹುಡುಗ ಹುಡುಗಿಯರು ಕುಂಟಾಬಿಲ್ಲೆ ಅಷ್ಟಕ್ಕೇ ಬಿಟ್ಟು ಓಡಿಹೋಗಿ, ಅದರ ಯಜಮಾನರು ಮತ್ತೆ ಹೊರಡುವ ತನಕ ಸುತ್ತ ನಿಂತು ಕಾಯುತ್ತಿದ್ದೆವು. ಉಳಿದವರದೆಲ್ಲ ಕಿಕ್ಕಿನ ಗಾಡಿ. ಹಳೇಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರ ಗಾಡಿ ಬೇಗ ಬಗ್ಗುತ್ತದೆ, ಯಾರದು ಬೆವರು ಇಳಿಸುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠ. ಚಳಿಗಾಲದಲ್ಲಂತೂ ಒದೆತದ ಸಪ್ಪಳ, ಒಂದಿಷ್ಟು ಬೈಗುಳ, ಕೊನೆಗೆ ಹೊಗೆ ಇವೆಲ್ಲ ಮುಗಿದ ಮೇಲೆಯೇ ಓಣಿಗೆ ಬೆಳಗಾಗುತ್ತಿತ್ತು.

ನಮ್ಮ ಅಪ್ಪನ ಗಾಡಿ ಅವೆಲ್ಲಕ್ಕಿಂತ ಹಳೆಯದು. ಮಿಲಿಟರಿಯವರು ಲಿಲಾವಿನಲ್ಲಿ ಕೂಗಿ ಮಾರಿದ್ದನ್ನು ನಮ್ಮ ಅಜ್ಜ ಬೆಳಗಾವಿಯಿಂದ ತಂದಿದ್ದನಂತೆ. ಕರಿಯ ಬಣ್ಣ, ಪೆಟ್ರೋಲಿನ ದಪ್ಪ ಟಾಕಿ, ಅಗಲವಾದ ಹ್ಯಾಂಡಲು. ಅದರಿಂದ ಎಣ್ಣೆ ಸೋರಿ ಅಂಗಳದ ಕಲ್ಲು ಎಷ್ಟು ತಿಕ್ಕಿದರೂ ಬೆಳ್ಳಗಾಗುತ್ತಿರಲಿಲ್ಲವಾದ್ದರಿಂದ ಅವ್ವನಿಗೆ ಅದರ ಮೇಲೆ ಸಿಟ್ಟು. ಅವಳು ಅದನ್ನು ಗಾಡಿ ಎಂದು ಕರೆದದ್ದನ್ನೇ ನಾನು ಕೇಳಿಲ್ಲ. 'ಕ್ವಾಣ' ಅನ್ನುತ್ತಿದ್ದಳು. ನಿಮ್ಮ ಕ್ವಾಣಕ್ಕ ಮೈ ತೊಳಸ್ರಿ, ನಿಮ್ಮ ಕ್ವಾಣ ದಾರಿಗೆ ಅಡ್ಡ ನಿಂತೈತಿ ಎಂದು ದಿನಕ್ಕೊಮ್ಮೆಯಾದರೂ ಅದರ ಹೆಸರು ಬರುತ್ತಿತ್ತು.

ಅಪ್ಪ ಹತ್ತಿಯ ದಲಾಲ. ಹಳ್ಳಿಗೆ ಹೋಗಿ, ಮನೆಯೊಳಗೆ ರಾಶಿ ಹಾಕಿದ ಹತ್ತಿಯಲ್ಲಿ ಮೊಳಕೈವರೆಗೆ ತೋಳು ತೂರಿಸಿ ಒಳಗಿನಿಂದ ಒಂದು ಹಿಡಿ ಎಳೆದು, ಹೆಬ್ಬೆರಳುಗಳ ನಡುವೆ ಹಿಂಜಿ, ಎಳೆಯ ಉದ್ದ ನೋಡಿ, ಮಾಲು ಎಂಥದೆಂದು ಹೇಳುವುದು ಅವನ ಕೆಲಸ. ಅವನ ಹಳ್ಳಿಗಳಲ್ಲಿ ಮುಖ್ಯವಾದದ್ದು ಸುಳ್ಳ ಎಂಬ ಊರು. ಊರ ಹೊರಗಿನ ಹಳ್ಳದ ದಂಡೆಗೆ ಬರುವಾಗಲೇ ಗಾಡಿಯ ಸಪ್ಪಳ ಊರೊಳಗೆ ಕೇಳುತ್ತಿತ್ತಂತೆ. ಅಪ್ಪ ಬಂದು ಇಳಿಯುವ ಹೊತ್ತಿಗೆ ಹತ್ತಿ ಇಟ್ಟ ಮನೆಗಳ ಬಾಗಿಲು ತೆರೆದಿರುತ್ತಿದ್ದವು. ತಾನು ಈವರೆಗೆ ಯಾರ ಬಾಗಿಲನ್ನೂ ಬಡಿದವನಲ್ಲ ಎಂದು ಅವನು ಆಗಾಗ ಹೇಳಿಕೊಳ್ಳುತ್ತಿದ್ದ. ಅವನಿಗಿದ್ದ ಜಂಬವೆಂದರೆ ಅದೊಂದೇ.

ಸುಳ್ಳದ ಹತ್ತಿ ವ್ಯವಹಾರ ಸುರುವಾಗುತ್ತಿದ್ದದ್ದು ಬನ್ನಿಯಿಂದ. ವಿಜಯದಶಮಿಯ ದಿನ ಎಲ್ಲರೂ ಸಂಜೆ ಓಣಿಯಲ್ಲಿ ಬನ್ನಿ ಹಂಚುತ್ತ ತಿರುಗಿದರೆ, ಅಪ್ಪ ಬೆಳಿಗ್ಗೆಯೇ ಬನ್ನಿಯ ಗಂಟು ಗಾಡಿಗೆ ಕಟ್ಟಿಕೊಂಡು ಸುಳ್ಳಕ್ಕೆ ಹೋಗುತ್ತಿದ್ದ. ಮನೆಮನೆಗೆ ಬನ್ನಿ ಕೊಟ್ಟು, ಕೊಟ್ಟ ಹೋಳಿಗೆ ತಿಂದು, ಆ ವರ್ಷದ ಹತ್ತಿಯ ಮಾತು ಆಡಿ ಬರುವನು. ಅದಕ್ಕೆ ಚೀಟಿ ಚಪಾಟಿ ಏನೂ ಇರಲಿಲ್ಲ. ಮೊದಲು ಬಂದು ಬನ್ನಿ ಕೊಟ್ಟವನಿಗೇ ಹತ್ತಿ ತೋರಿಸುವುದು ಅಲ್ಲಿಯವರು ನಡೆಸಿಕೊಂಡು ಬಂದ ರೀತಿ.

ಆ ವರ್ಷ ಯುಗಾದಿ ಆದ ಹೊಸತರಲ್ಲಿ ಗಾಡಿ ಅಪ್ಪನಿಗೆ ತಿರುಗಿ ಒದೆಯಿತು. ಹಳೆಯ ಇಂಜಿನ್ನುಗಳಿಗೆ ಆ ಬುದ್ಧಿ ಉಂಟು. ಕಿಕ್ ಅರ್ಧಕ್ಕೆ ಇಳಿದಾಗ ಒಳಗಿನಿಂದ ಹಿಂದಕ್ಕೆ ಹೊಡೆಯುತ್ತದೆ. ಅಪ್ಪನ ಬಲ ಮೊಣಕಾಲು ಹೋಯಿತು. ಮಾವಿನ ಹಣ್ಣಿನ ಕಾಲವೆಲ್ಲ ಅವನು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತೇ ಕಳೆದ. ಕಟ್ಟು ಬಿಚ್ಚಿದ ಡಾಕ್ಟರರು, ನಡೆಯಲು ಅಡ್ಡಿಯಿಲ್ಲ, ಆದರೆ ಈ ಕಾಲಿನಿಂದ ಇನ್ನು ಮೇಲೆ ಕಿಕ್ ಹೊಡೆಯುವ ಮಾತು ಆಡಬೇಡಿ ಎಂದರು. ಕುಕ್ಕರಗಾಲಲ್ಲಿ ಕೂಡುವುದೂ ಅವನಿಗೆ ಆಗುತ್ತಿರಲಿಲ್ಲ.

ಅಪ್ಪನಿಗೆ ಕೆಲಸ ಕೊಡುತ್ತಿದ್ದ, ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ ನಮ್ಮ ದೊಡ್ಡಪ್ಪನದು. ಅವನು ಒಂದು ಸಂಜೆ ಬಂದು ಚಹಾ ಕುಡಿದು, ಬನ್ನಿಯ ತನಕ ನೋಡೋಣ, ಆಗಲೂ ಗಾಡಿ ಹತ್ತಲಾಗದಿದ್ದರೆ ನೀನು ಅಂಗಡಿಯಲ್ಲೇ ಕುಳಿತುಬಿಡು, ಸುಳ್ಳಕ್ಕೆ ಬೇರೆಯವರನ್ನು ಕಳಿಸುತ್ತೇನೆ ಎಂದು ಹೇಳಿ ಹೋದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಪ್ಪ ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಅಂಗಡಿಯಲ್ಲಿ ಕುಳಿತು ಬೇರೆಯವರು ನೋಡಿ ಬಂದ ಹತ್ತಿಗೆ ಹೂಂ ಅನ್ನುವುದು ಅವನಿಗೆ ಬದುಕು ಅನ್ನಿಸುವಂತಿರಲಿಲ್ಲ. ಅವ್ವ ತಾಟು ಎತ್ತಿಟ್ಟು ತಾನೂ ಉಣ್ಣದೆ ಮಲಗಿದಳು.

ಯಾರಾದರೂ ಕಿಕ್ ಹೊಡೆದುಕೊಟ್ಟರೆ ಆಗದೇ ಎಂದು ನಾನು ಕೇಳಿದ್ದೆ. ಅಪ್ಪ ನಕ್ಕ. ರೈತನ ಮನೆಯ ಮುಂದೆ ನಿಂತು ಸ್ವಲ್ಪ ಗಾಡಿ ಒದ್ದು ಕೊಡಪ್ಪ ಎಂದು ಕೇಳಿದವನು, ಒಳಗೆ ಹೋಗಿ ನಿನ್ನ ಹತ್ತಿಯಲ್ಲಿ ಕಸ ಐತಿ ಎಂದು ಹೇಗೆ ಹೇಳಿಯಾನು? ಸಣ್ಣ ಹೊಸ ಗಾಡಿ ತರುವ ಮಾತನ್ನೂ ಅವನು ಒಪ್ಪಲಿಲ್ಲ. ಅದರ ಸಪ್ಪಳ ಸುಳ್ಳದಲ್ಲಿ ಯಾರಿಗೆ ಗೊತ್ತು?

ಕೋಣಕ್ಕೇ ಬಟನ್ ಕೂಡಿಸುವ ಯೋಚನೆ ಮೌಲಾಸಾಬನದು. ಓಣಿಯ ತುದಿಯಲ್ಲಿ ಅವನ ಬ್ಯಾಟರಿ ಅಂಗಡಿ. ನನಗೆ ಅವನು ಮೌಲಾ ಮಾಮಾ. ಯಾವುದೋ ಪರದೇಶದ ಗಾಡಿಯ ಸ್ಟಾರ್ಟರ್ ಮೋಟಾರು ಅವನಿಗೆ ಗುಜರಿಯಲ್ಲಿ ಸಿಕ್ಕಿತ್ತು. ಅದನ್ನು ಇಂಜಿನ್ನಿಗೆ ಜೋಡಿಸಲು ಲೇಥಿನಲ್ಲಿ ಹಲ್ಲಿನ ಚಕ್ರ ಮಾಡಿಸಿದ, ಕಿಕ್ಕನ್ನೇ ಬಿಚ್ಚಿ ಆ ಜಾಗ ತೆರವು ಮಾಡಿದ, ಹಳೆಯ ಸಣ್ಣ ಬ್ಯಾಟರಿ ತೆಗೆದು ದೊಡ್ಡದನ್ನು ಪಕ್ಕದ ಪೆಟ್ಟಿಗೆಯಲ್ಲಿ ಕೂಡಿಸಿದ. ಗಣಪತಿ ಕಳಿಸಿದ ಮೇಲೆ ಸುರುವಾದ ಕೆಲಸ ದಸರೆಯ ಮೊದಲ ದಿನ ಘಟ್ಟ ಹಾಕುವ ತನಕ ನಡೆಯಿತು. ನಮ್ಮ ಅಂಗಳಕ್ಕೆಲ್ಲ ಬೆಸುಗೆಯ ರಾಳದ ವಾಸನೆ ಹಿಡಿಯಿತು. ಅವ್ವ ಹಚ್ಚಿದ ಅವಲಕ್ಕಿಯ ಒಗ್ಗರಣೆಯ ಘಮ ಕೂಡ ಅದರ ಕೆಳಗೇ ಉಳಿಯುವುದು.

ಅಪ್ಪನಿಗೆ ಬಗ್ಗಲು ಬಾರದು. ಅವನು ಕುರ್ಚಿಯಲ್ಲಿ ಕುಳಿತು ವಾದ ಮಾಡುವುದು, ಮೌಲಾಸಾಬ ಗಾಡಿಯ ಕೆಳಗೆ ಮಲಗಿ ಉತ್ತರ ಕೊಡುವುದು. ಕೆಂಪು ವಯರು ಯಾವ ಕಡೆಯಿಂದ ತರಬೇಕು ಎಂಬುದರ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಮಾತು ಬಿಟ್ಟು, ಚಹಾ ಬಂದ ಮೇಲೆ ಮತ್ತೆ ಸುರು ಮಾಡಿದರು. ಬ್ಯಾಟರಿಯಿಂದ ಮೋಟಾರಿಗೆ ಒಂದೇ ದಪ್ಪ ವಯರು ಹೋಗಿದ್ದನ್ನು ಕಂಡು ನಾನು, ದೀಪಕ್ಕೆ ಎರಡು ಇರುತ್ತವಲ್ಲ, ಇದಕ್ಕೇಕೆ ಒಂದು ಎಂದು ಕೇಳಿದೆ. ಮೌಲಾಸಾಬ ಸೀಟಿನ ಕೆಳಗೆ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಕೂಡಿಸಿದ ಇನ್ನೊಂದು ದಪ್ಪ ವಯರು ತೋರಿಸಿದ.

"ಹೋಗೂ ದಾರಿ ವಯರಿನಾಗ ಐತಿ, ತಂಗಿ. ತಿರುಗಿ ಬರೂ ದಾರಿ ಗಾಡಿ ಮೈಯಾಗ. ಕಬ್ಬಿಣದಾಗ ಹಾದು ಬಂದು, ಈ ಅರ್ಥಿಂಗ್ ವಯರ ಹಿಡದು ಬ್ಯಾಟರಿ ಸೇರ್ಕೋತೈತಿ."

ಬ್ಯಾಟರಿಯನ್ನು ಆಗಾಗ ಚಾರ್ಜಿಗೆ ಒಯ್ಯಬೇಕಾಗುವುದರಿಂದ ಆ ವಯರನ್ನು ಅವನು ಕಿವಿ ಇರುವ ನಟ್ಟಿನಿಂದ ಬಿಗಿದಿದ್ದ. ಪಾನಾ ಬೇಡ, ಬೆರಳಿನಿಂದಲೇ ತಿರುಗಿಸಬಹುದು. ಎಲ್ಲ ಮುಗಿದ ದಿನ ಬಟನ್ ಒತ್ತಲು ನನ್ನನ್ನೇ ಕರೆದರು. ಒತ್ತಿದೆ. ಮೋಟಾರು ಒಮ್ಮೆ ನರಳಿ ತಿರುಗಿತು, ಕೋಣ ಕೆಮ್ಮಿತು, ಆಮೇಲೆ ಓಣಿಗೆ ಗುರುತಿದ್ದ ಆ ಧಡ್ ಧಡ್ ಸಪ್ಪಳ ಸುರುವಾಯಿತು. ಅಪ್ಪ ಕುರ್ಚಿಯಿಂದ ಎದ್ದು ಬಂದು ಟಾಕಿಯ ಮೇಲೆ ಕೈ ಇಟ್ಟು ನಿಂತ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಅವಳು ಅಳುತ್ತಿದ್ದಳು.

ಪ್ರತಿ ವರ್ಷ ಖಂಡೆಪೂಜೆಗೆ, ಅಂದರೆ ಮಹಾನವಮಿಯ ಆಯುಧಪೂಜೆಗೆ, ಮೊದಲು ಗಾಡಿಗೆ ಬಣ್ಣ ಬಳಿಯುವುದು ಅಪ್ಪನ ಕೆಲಸವಾಗಿತ್ತು. ಕಂಡ ಕಡೆ ಒಂದು ಕೈ ಎಳೆದು ಮುಗಿಸುತ್ತಿದ್ದ. ಆ ವರ್ಷ ಅವನಿಗೆ ಕೂಡಲು ಬಾರದು, ಹೀಗಾಗಿ ಅವ್ವ ಕುಳಿತಳು. ಹಬ್ಬದ ಹಿಂದಿನ ದಿನ ಅವಳೂ ನಾನೂ ನಸುಕಿನಲ್ಲಿ ಬನ್ನಿಗಿಡಕ್ಕೆ ಪೂಜೆ ಮಾಡಿ ಬಂದ ಮೇಲೆ, ಅವಳು ಸೆರಗು ಸಿಗಿಸಿ ಕರಿಯ ಬಣ್ಣದ ಡಬ್ಬಿ ಹಿಡಿದು ಕೋಣದ ಪಕ್ಕ ಮಣೆ ಹಾಕಿಕೊಂಡಳು. ಅಂಗಳ ಸಾರಿಸುವಾಗ ಮೂಲೆ ಬಿಡದವಳು ಇಲ್ಲಿ ಬಿಟ್ಟಾಳೆಯೇ. ಸೀಟು ಎತ್ತಿ ಕೆಳಗೆ ಬಳಿದಳು. ವಯರು ಅಡ್ಡ ಬಂದಲ್ಲಿ ಅದನ್ನು ಸರಿಸಿ ಬಳಿದಳು. ಚಾಸಿಗೆ ಬಿಗಿದ ಆ ದಪ್ಪ ವಯರಿನ ಕಿವಿನಟ್ಟನ್ನು ಬೆರಳಿನಿಂದ ಬಿಚ್ಚಿ, ಅದರ ಕೆಳಗಿನ ಬರಿಯ ಕಬ್ಬಿಣಕ್ಕೂ ಎರಡು ಸಲ ಬಣ್ಣ ಹಾಕಿ, ಒಣಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಬಿಗಿದಿಟ್ಟಳು. ಕೋಣವನ್ನು ಬೈಯುತ್ತಿದ್ದವಳು ಅಷ್ಟು ಕಾಳಜಿ ಮಾಡಿದ್ದನ್ನು ಕಂಡು ಅಪ್ಪ ಮನೆಗೆ ಬಂದವರಿಗೆಲ್ಲ ಅದನ್ನೇ ತೋರಿಸಿದ.

ಮಹಾನವಮಿಯ ದಿನ ಪಡಸಾಲೆಯಲ್ಲಿ ಕಬ್ಬಿಣವೆಲ್ಲ ಪೂಜೆಗೆ ಕೂತಿತು. ಈಳಿಗೆ, ಚಾಕು, ಕುಡುಗೋಲು, ಹತ್ತಿಮೂಟೆಯ ಅಂಡಿಗೆ ಎಳೆಯುವ ಕೊಕ್ಕೆ, ಪಾನಾ, ಸ್ಕ್ರೂಡ್ರೈವರು ಎಲ್ಲಕ್ಕೂ ವಿಭೂತಿ, ಕುಂಕುಮ. ಅಂಗಳದಲ್ಲಿ ಕೋಣಕ್ಕೆ ಚೆಂಡುಹೂವಿನ ಮಾಲೆ, ಹ್ಯಾಂಡಲಿಗೆ ಕಬ್ಬು, ಗಾಲಿಯ ಕೆಳಗೆ ನಿಂಬೆಹಣ್ಣು. ಕಾಯಿ ಒಡೆದ ಮೇಲೆ ಸಪ್ಪಳ ಮಾಡಿಸಬೇಕು. ಅಪ್ಪ ತಾನೇ ಬಟನ್ ಒತ್ತಿದ.

ಟಕ್ ಎಂದಿತು. ಮತ್ತೆ ಒತ್ತಿದ. ಟಕ್. ಅಷ್ಟೇ.

ಹೋಳಿಗೆ, ಕಟ್ಟಿನ ಸಾರು ಆ ದಿನ ಯಾರ ನಾಲಿಗೆಗೂ ಹತ್ತಲಿಲ್ಲ. ಹಿಂದಿನ ವರ್ಷಗಳಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ಜಗಳವಾಡುತ್ತಿದ್ದ ಅಪ್ಪ, ಬಡಿಸಿದ್ದನ್ನು ಸುಮ್ಮನೆ ಉಂಡು ಎದ್ದ. ಬೆಳಗಾದರೆ ಬನ್ನಿ. ಸಂಜೆ ಮುಂದೆ ಮೌಲಾಸಾಬ ಬಂದ. ಹಬ್ಬದಲ್ಲಿ ಅವನ ಅಂಗಡಿಯ ಹತಾರಗಳಿಗೂ ಪೂಜೆಯಾಗುತ್ತಿತ್ತು. ದಾರಿಯಲ್ಲಿ ನಿಂತ ಗಾಡಿಗಳ ಸಲುವಾಗಿ ಒಂದು ಚೀಲ ಮಾತ್ರ ಪೂಜೆಯ ಹೊರಗೆ ಇಟ್ಟಿರುತ್ತಿದ್ದ. ಅದನ್ನು ಬಿಚ್ಚಿ ಪಾನಾ ತೆಗೆದಾಗ ಅಪ್ಪ ಬೇಡವೆಂದ. ಪೂಜೆಯಾದದ್ದಕ್ಕೆ ಬನ್ನಿ ಮುಡಿಯುವ ತನಕ ಕಬ್ಬಿಣ ಹಚ್ಚಬಾರದು. ಅದು ಅಜ್ಜನ ಕಾಲದಿಂದ ಬಂದ ಕಟ್ಟಳೆ. ತನ್ನ ಕೆಲಸವೇ ಕೈಬಿಟ್ಟು ಹೋಗುವ ಹೊತ್ತಿನಲ್ಲೂ ಅಪ್ಪ ಅದನ್ನು ಮುರಿಯಲು ಸಿದ್ಧನಿರಲಿಲ್ಲ. ಮೌಲಾಸಾಬ ಎದುರಾಡದೆ ಪಾನಾ ಚೀಲಕ್ಕೆ ಹಾಕಿದ.

ಉಳಿದದ್ದು ಬಲ್ಬು. ಎರಡು ವಯರು ಬೆಸೆದ ಸಣ್ಣ ಬಲ್ಬು ಹಿಡಿದು ಅವನು ಒಂದೊಂದೇ ಜಾಗ ಮುಟ್ಟಿಸುತ್ತ ಹೋದ. ಬ್ಯಾಟರಿಗೆ ಮುಟ್ಟಿಸಿದರೆ ಹತ್ತಿತು. ಬಟನ್ನಿನ ವಯರಿಗೂ ಹತ್ತಿತು. ಒಂದು ತುದಿ ಬ್ಯಾಟರಿಗೆ, ಇನ್ನೊಂದು ಗಾಡಿಯ ಮೈಗೆ ಹಿಡಿದರೂ ಹತ್ತಿತು. ಟಕ್ ಅನ್ನುತ್ತಿದ್ದದ್ದು ರಿಲೇ ಎಂಬ ಸಣ್ಣ ಡಬ್ಬಿ. ಬಟನ್ನಿನ ಮಾತು ಕೇಳಿ ಮೋಟಾರಿಗೆ ಕರೆಂಟು ಬಿಡುವುದು ಅದರ ಕೆಲಸ. ಅದೂ ತನ್ನ ಕೆಲಸ ಮಾಡುತ್ತಿತ್ತು. ಅಂಗಡಿಯಿಂದ ಬೇರೆ ಬ್ಯಾಟರಿ ತಂದು, ಕೈಯಿಂದಲೇ ಬಿಗಿದು ನೋಡಿದ. ಮತ್ತೆ ಟಕ್. ಕೊನೆಗೆ ಅವನು ಕಟ್ಟೆಯ ಮೇಲೆ ಕುಳಿತು, ಮೋಟಾರೇ ಹೋಗಿರಬೇಕು, ಬಿಚ್ಚಿ ನೋಡದೆ ಗೊತ್ತಾಗದು ಎಂದ. ಬಿಚ್ಚುವುದೆಂದರೆ ನಾಳೆ ಸಂಜೆ ಬನ್ನಿ ಆದ ಮೇಲೆ. ಅಷ್ಟರಲ್ಲಿ ಸುಳ್ಳದ ಬೆಳಗು ಮುಗಿದಿರುತ್ತದೆ.

ಅಪ್ಪ, ಹಾಗಾದರೆ ನಾಳೆ ಅಂಗಡಿಗೇ ಹೋಗಿ ಅಣ್ಣನಿಗೆ ಬನ್ನಿ ಕೊಡುತ್ತೇನೆ ಅಂದ. ಅದರ ಮುಂದಿನ ಮಾತು ಎಲ್ಲರಿಗೂ ಗೊತ್ತಿತ್ತು. ನಾನು ಹಟದಿಂದ ಬಟನ್ ಒತ್ತುತ್ತಲೇ ಇದ್ದೆ. ಬ್ಯಾಟರಿ ಇಳಿಯುತ್ತದೆ, ಬಿಡು ಎಂದು ಮೌಲಾಸಾಬ ಹೇಳುತ್ತಿದ್ದ. ಅಷ್ಟರಲ್ಲಿ ಅವ್ವ ದೀಪ ಹಚ್ಚಿ ಹೊರಗೆ ಬಂದವಳು ಮೂಗು ಅರಳಿಸಿ ನಿಂತಳು.

"ಈ ಬಣ್ಣಾ ಒಣಗಿ ಭಾಳ ಹೊತ್ತಾತಲ್ಲ. ಆಕಿ ಬಟನ್ ಒತ್ತಿದಾಗಷ್ಟ ಮತ್ತ ಹಸಿ ವಾಸನಿ ಯಾಕ ಬರತೈತಿ?"

ಮೌಲಾಸಾಬ ನನಗೆ ಒತ್ತಿ ಹಿಡಿ ಎಂದ. ತಾನು ಬಗ್ಗಿ ವಾಸನೆ ಹಿಡಿಯುತ್ತ ಮೋಟಾರಿನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಸೀಟಿನ ಕೆಳಕ್ಕೆ ಬಂದ. ಅಲ್ಲಿ ಕಿವಿನಟ್ಟು ಮುಟ್ಟಿದವನು ಚುರ್ ಎಂದಂತಾಗಿ ಕೈ ತೆಗೆದ. ಆಮೇಲೆ ಅವ್ವನ ಕಡೆ ನೋಡಿ, ಇದರ ಕೆಳಗೂ ಬಣ್ಣ ಹಚ್ಚೀರೇನ್ರಿ ಎಂದು ಕೇಳಿದ. ಅವ್ವ, ಎರಡು ಸಲ ಹಚ್ಚಿದೆ ಎಂದಳು.

ಬಲ್ಬು ಯಾಕೆ ಹತ್ತಿತು ಎಂದು ಅಪ್ಪ ಕೇಳಿದ. ಮೌಲಾಸಾಬನಿಗೆ ತನ್ನ ಮೇಲೆ ತನಗೇ ನಗು ಬಂದಿತ್ತು. "ನಳಾ ಹನಿ ಹನಿ ಬಿಟ್ಟರೂ ಲೋಟಾ ತುಂಬತೈತ್ರಿ ಅಣ್ಣಾರ. ಹಂಡೆ ತುಂಬಬೇಕಲ್ಲ. ಮೋಟಾರ ಅಂದ್ರ ಹಂಡೆ." ಬಣ್ಣದ ಮೇಲೆ ಕೂತ ವಯರಿನಲ್ಲಿ ಕರೆಂಟು ತಿರುಗಿ ಬರುವ ದಾರಿ ಕಟ್ಟಿತ್ತು. ಎಲ್ಲೋ ಒಂದು ಸಂದಿಯಿಂದ ಬರುತ್ತಿದ್ದ ಚೂರು, ಬಲ್ಬಿಗೆ ಸಾಕಾಗಿ ಮೋಟಾರಿಗೆ ಸಾಲದೆ, ಅಲ್ಲೇ ನಟ್ಟನ್ನು ಕಾಯಿಸುತ್ತಿತ್ತು.

ಇನ್ನು ಬಣ್ಣ ಕೆರೆಯಬೇಕು. ಚಾಕು ಪೂಜೆಗೆ ಕೂತಿದೆ. ಮೌಲಾಸಾಬನ ಚೀಲದಲ್ಲಿ ಇದ್ದದ್ದೆಲ್ಲ ಕಬ್ಬಿಣ. ಅಪ್ಪ ಗಾಡಿಯ ಮೇಲಿನ ವಿಭೂತಿ ನೋಡುತ್ತ ನಿಂತ. ಅವ್ವ ಒಳಗೆ ಹೋಗಿ ಬಚ್ಚಲಿನಿಂದ ಹಿಮ್ಮಡಿ ತಿಕ್ಕುವ ಕಲ್ಲು ತಂದಳು.

ಅಪ್ಪನಿಗೆ ಅದು ಸರಿಬರಲಿಲ್ಲ. "ಅದು ಕಾಲಿಗೆ ತಿಕ್ಕೂದು" ಅಂದ.

"ನಿಮ್ಮ ಕಾಲಿನ ಸಲುವಾಗೇ ಅಲ್ಲೇನ್ರಿ ಇಷ್ಟೆಲ್ಲಾ ನಡದದ್ದು" ಎಂದಳು ಅವ್ವ. "ಇದು ಕಬ್ಬಿಣ ಅಂತೂ ಅಲ್ಲ."

ಅಪ್ಪ ಚೆಂಡುಹೂವಿನ ಮಾಲೆಯನ್ನು ಎತ್ತಿ ಪಕ್ಕಕ್ಕೆ ಹಿಡಿದ. ಅದೇ ಅವನ ಒಪ್ಪಿಗೆ. ಅವ್ವ ಕಲ್ಲನ್ನು ತೊಳೆದು, ಸೆರಗಿನಿಂದ ಒರೆಸಿ, ಕಿವಿನಟ್ಟು ಬಿಚ್ಚಿ, ತಾನು ಅಷ್ಟು ಆಸ್ಥೆಯಿಂದ ಬಳಿದ ಬಣ್ಣವನ್ನು ತಾನೇ ತಿಕ್ಕತೊಡಗಿದಳು. ಮೌಲಾಸಾಬ ಮಾಡುತ್ತೇನೆಂದರೂ ಕೊಡಲಿಲ್ಲ. ರೂಪಾಯಿಯಗಲ ಕಬ್ಬಿಣ ಬೆಳ್ಳಗೆ ಕಾಣುವ ತನಕ ತಿಕ್ಕಿದಳು. ವಯರನ್ನು ಮತ್ತೆ ಬಿಗಿದ ಮೇಲೆ ಬಟನ್ ಒತ್ತುವುದು ಯಾರು ಎಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಅವ್ವನಿಗೆ, ನೀನ ಒತ್ತು ಅಂದ. ಕೋಣ ಒಂದೇ ಸಲಕ್ಕೆ ಎದ್ದಿತು. ಅವ್ವ ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ಎಣ್ಣೆ ಬಿದ್ದ ಕಲ್ಲಿನ ಮೇಲೆ ಕಾಲಿಟ್ಟು ಜಾರಿ, ಅಪ್ಪನ ತೋಳು ಹಿಡಿದು ನಿಂತಳು. ಮೌಲಾಸಾಬನ ಎದುರಿಗೆ ಅವಳು ಹಾಗೆ ನಿಂತದ್ದನ್ನು ನಾನು ಮತ್ತೆ ಕಂಡಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನೂ ಹಿಂದೆ ಕೂಡಿಸಿಕೊಂಡು ಸುಳ್ಳಕ್ಕೆ ಹೋದ. ಹಳ್ಳದ ದಂಡೆಯಲ್ಲಿ ಬೇಕೆಂದೇ ಗೇರು ಇಳಿಸಿ ಸಪ್ಪಳ ಹೆಚ್ಚು ಮಾಡಿದ. ಊರೊಳಗೆ ಹೋಗುವಾಗ ನೋಡುತ್ತೇನೆ, ಅವನು ಹೇಳಿದ್ದು ಖರೆ. ಒಂದೊಂದೇ ಬಾಗಿಲು ತೆರೆಯುತ್ತಿತ್ತು. ಎಲ್ಲರೂ ಮೊದಲು ಕೇಳಿದ್ದು ಕಾಲಿನ ಸುದ್ದಿಯನ್ನು, ಆಮೇಲೆ ಬಟನ್ನನ್ನು. ಪ್ರತಿ ಮನೆಯ ಮುಂದೆಯೂ ಅಪ್ಪ ಗಾಡಿ ನಿಲ್ಲಿಸಿ, ಬನ್ನಿ ಕೊಟ್ಟು, ಮತ್ತೆ ಬಟನ್ ಒತ್ತಿ ತೋರಿಸಿ ಮುಂದೆ ಹೋದ. ಅಷ್ಟು ಖುಷಿಯಾಗಿ ಅವನನ್ನು ನಾನು ಕಂಡದ್ದು ಕಡಿಮೆ.

ಆಮೇಲೆ ಎಷ್ಟೋ ಸುಗ್ಗಿ ಅಪ್ಪ ಆ ಗಾಡಿಯ ಮೇಲೆ ತಿರುಗಿದ. ಪ್ರತಿ ಖಂಡೆಪೂಜೆಗೆ ಬಣ್ಣ ಬಳಿಯುವ ಕೆಲಸ ಅವ್ವನಿಗೇ ಉಳಿಯಿತು. ಸೀಟಿನ ಕೆಳಗೆ ರೂಪಾಯಿಯಗಲ ಜಾಗ ಬಿಟ್ಟು, ಅಲ್ಲಿ ಆ ಕಲ್ಲಿನಿಂದ ಒಮ್ಮೆ ತಿಕ್ಕಿ, ಬೆರಳ ತುದಿಯಿಂದ ಗ್ರೀಸು ಸವರುತ್ತಿದ್ದಳು. ಹತ್ತಿ ನೋಡುವವರ ಕಾಲ ನಿಧಾನವಾಗಿ ಮುಗಿಯಿತು. ರೈತರು ಟ್ರ್ಯಾಕ್ಟರಿನಲ್ಲಿ ನೇರ ಮಾರ್ಕೆಟ್ಟಿಗೆ ಬರತೊಡಗಿದರು. ಮೌಲಾಸಾಬನ ಅಂಗಡಿಯ ಜಾಗದಲ್ಲಿ ಈಗ ಮೊಬೈಲು ಮಾರುತ್ತಾರೆ. ಅಪ್ಪ ಹೋದ ಮೇಲೆ ಅವ್ವ ಧಾರವಾಡಕ್ಕೆ ನನ್ನ ಮನೆಗೆ ಬಂದಳು, ತನ್ನ ಕೋಣವನ್ನೂ ಕರೆದುಕೊಂಡು. ಹಾಗೆ ಹೇಳಿದ್ದು ಅವಳೇ, 'ನನ್ನ ಕ್ವಾಣ' ಎಂದು. ಈಗ ಅವಳ ಕೈ ನಡುಗುತ್ತದೆ. ಬಣ್ಣ ನಾನು ಬಳಿಯುತ್ತೇನೆ. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಆ ಜಾಗ ಬಿಟ್ಟೆನೋ ಇಲ್ಲವೋ ಎಂದು ಕಾಯುತ್ತಾಳೆ. ಗಾಡಿ ಓಡಿಸುವವಳೂ ನಾನೇ. ಕಿಕ್ ಇದ್ದಿದ್ದರೆ ನನ್ನ ಕೈಲಿ ಆಗುತ್ತಿರಲಿಲ್ಲ.

ಹೋದ ವರ್ಷ ಬನ್ನಿಯ ಬೆಳಿಗ್ಗೆ ಯಾಕೋ ಮನಸ್ಸಾಗಿ ಬನ್ನಿಯ ಗಂಟು ಕಟ್ಟಿಕೊಂಡು ಸುಳ್ಳದ ಕಡೆ ಹೋದೆ. ದಾರಿಯುದ್ದಕ್ಕೂ ಗೋವಿನಜೋಳ ನಿಂತಿತ್ತು. ಹಳ್ಳದ ದಂಡೆಯಲ್ಲಿ ಅಪ್ಪನ ಹಾಗೆಯೇ ಗೇರು ಇಳಿಸಿದೆ. ಊರೊಳಗೆ ಮುಚ್ಚಿದ ಬಾಗಿಲುಗಳು ಮುಚ್ಚಿಯೇ ಇದ್ದವು. ಇಬ್ಬರು ಹುಡುಗರು ಹಿಂದೆ ಓಡಿ ಬಂದು, ಫೋಟೋ ತೆಗೆದುಕೊಂಡು ಹೋದರು. ತಿರುಗಿ ಹೊರಡುವ ಮುಂಚೆ ಒಂದು ಮನೆಯ ಮುಂದೆ ಗಾಡಿ ಬಂದ್ ಮಾಡಿ ನಿಂತಿದ್ದೆ. ಒಳಗಿನಿಂದ ಒಬ್ಬ ಮುದುಕಿ ಗೋಡೆ ಹಿಡಿಯುತ್ತ ಹೊಸ್ತಿಲಿಗೆ ಬಂದಳು. ಕಣ್ಣು ಪೂರ್ತಿ ಬೆಳ್ಳಗಾಗಿದ್ದವು. ಬಾಗಿಲನ್ನು ಅಗಲ ತೆರೆದು ಗಾಡಿಯ ಕಡೆ ಮುಖ ಮಾಡಿದಳು.

"ಈ ಸಲಾ ಹತ್ತಿ ಇಲ್ಲೋ ಯಪ್ಪಾ. ಹುಡುಗ್ರು ಬಿತ್ತೂದ ಬಿಟ್ಟಾರ" ಅಂದಳು. ಸ್ವಲ್ಪ ತಡೆದು, "ಕಾಲು ಹ್ಯಾಂಗೈತಿ ನಿಂದು?" ಎಂದು ಕೇಳಿದಳು.

ಬಾಯಿ ಬಿಟ್ಟರೆ ದನಿ ಅಪ್ಪನದಲ್ಲವೆಂದು ಗೊತ್ತಾಗಿಬಿಡುತ್ತಿತ್ತು. ಬನ್ನಿಯನ್ನು ಅವಳ ಕೈಯಲ್ಲಿ ಇಟ್ಟು, ಕಾಲಿಗೆ ನಮಸ್ಕಾರ ಮಾಡಿ ಬಂದು ಬಟನ್ ಒತ್ತಿದೆ.